ಇಟ್ಟಿಗೆ ಎಣಿಸಿದ ಹುಡುಗ

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಫಾರೆಸ್ಟ್ ಎಂಬ ಸಣ್ಣ ಊರಿದೆ. ಆ ಊರಿನಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ಎಂಬುವರ ಬಗ್ಗೆ ಒಂದು ಕಥೆ ಬಹುಕಾಲ ಚಾಲ್ತಿಯಲ್ಲಿತ್ತು. ಅವರು ಇನ್ನೂ ಹುಡುಗನಾಗಿದ್ದಾಗ ಜೊತೆಯವರು ಒಮ್ಮೆ ಅವನನ್ನು ಹೈಸ್ಕೂಲು ಕಟ್ಟಡದ ಎದುರು ನಿಲ್ಲಿಸಿ, ಈ ಗೋಡೆಯಲ್ಲಿ ಎಷ್ಟು ಇಟ್ಟಿಗೆ ಇವೆ ಹೇಳು ನೋಡೋಣ ಎಂದರಂತೆ. ಡೊನಾಲ್ಡ್ ಗೋಡೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿ ಥಟ್ಟನೆ ಒಂದು ಸಂಖ್ಯೆ ಹೇಳಿದನಂತೆ. ಹುಡುಗರು ದಂಗಾದರು. ಕಥೆ ಮನೆಯಿಂದ ಮನೆಗೆ ಹೋಯಿತು. ಅರ್ಧ ಶತಮಾನ ಕಳೆದ ಮೇಲೂ ಊರಿನಲ್ಲಿ ಡೊನಾಲ್ಡ್ ಮಾತು ಬಂದರೆ ಮೊದಲು ಬರುತ್ತಿದ್ದುದು ಇಟ್ಟಿಗೆಯ ಮಾತು. ಆ ಸಂಖ್ಯೆ ಸರಿಯೇ ಎಂದು ನೋಡಬೇಕಾದರೆ ಒಂದು ಇಡೀ ಕಟ್ಟಡದ ಇಟ್ಟಿಗೆಗಳನ್ನು ಎಣಿಸಬೇಕು. ಅಷ್ಟು ವ್ಯವಧಾನ ಯಾರಿಗಿರುತ್ತದೆ?

ವೈದ್ಯಕೀಯ ಜಗತ್ತಿನಲ್ಲಿ ಇದೇ ಮನುಷ್ಯನಿಗೆ ಬೇರೊಂದು ಹೆಸರಿತ್ತು. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹನ್ನೊಂದು ಮಕ್ಕಳ ವಿವರವಿತ್ತು. ಎಂಟು ಗಂಡು, ಮೂರು ಹೆಣ್ಣು. ಮೊದಲನೆಯವನು 'ಡೊನಾಲ್ಡ್ ಟಿ.' ಇಂದು ಆಟಿಸಂ ಎಂದು, ಕನ್ನಡದ ಸರ್ಕಾರಿ ಕಾಗದಗಳಲ್ಲಿ ಸ್ವಲೀನತೆ ಎಂದು ಕರೆಯುವ ಸ್ಥಿತಿಗೆ ಒಂದು ಹೆಸರು, ಒಂದು ಚಹರೆ ಸಿಕ್ಕಿದ್ದು ಆ ಪ್ರಬಂಧದಿಂದ. ಇಟ್ಟಿಗೆಯ ಕಥೆಯ ಹುಡುಗನೇ ಆಟಿಸಂನ ಮೊದಲ ಪ್ರಕರಣ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ, ಕಳೆದ ಎಂಬತ್ತು ವರ್ಷಗಳಲ್ಲಿ ಪತ್ರಿಕೆ, ಸಿನಿಮಾ, ಟೀವಿಗಳು ಆಟಿಸಂ ಬಗ್ಗೆ ಹೇಳಿಕೊಂಡು ಬಂದ ಕಥೆಗಳು ಬೇರೆ ಬೆಳಕಿನಲ್ಲಿ ಕಾಣುತ್ತವೆ.

ಡೊನಾಲ್ಡ್ ಹುಟ್ಟಿದ್ದು 1933ರಲ್ಲಿ. ತಂದೆ ವಕೀಲರು, ತಾಯಿಯ ತವರಿನವರದು ಊರಿನ ಬ್ಯಾಂಕು. ಎರಡೂವರೆ ವರ್ಷಕ್ಕೆಲ್ಲ ಮಗು ಬೈಬಲ್ಲಿನ ಕೀರ್ತನೆಯನ್ನೂ ಚರ್ಚಿನ ಪ್ರಶ್ನೋತ್ತರ ಪಾಠವನ್ನೂ ಸಾಲಾಗಿ ಒಪ್ಪಿಸುತ್ತಿತ್ತು. ಆದರೆ ಅಮ್ಮ ಕೋಣೆಗೆ ಬಂದರೆ ತಿರುಗಿ ನೋಡುತ್ತಿರಲಿಲ್ಲ. ಪಾತ್ರೆಯ ಮುಚ್ಚಳಗಳನ್ನು ಗಿರಗಿರ ತಿರುಗಿಸುತ್ತ ಗಂಟೆಗಟ್ಟಲೆ ಕೂರುತ್ತಿತ್ತು. ವೈದ್ಯರ ಸಲಹೆಯಂತೆ 1937ರಲ್ಲಿ, ನಾಲ್ಕು ವರ್ಷ ತುಂಬುವ ಮೊದಲೇ, ಅವನನ್ನು ದೂರದ ಒಂದು ಸರ್ಕಾರಿ ಆರೋಗ್ಯಧಾಮಕ್ಕೆ ಸೇರಿಸಿದರು. ಅದು ಕ್ಷಯದ ಭಯವಿದ್ದ ಮಕ್ಕಳಿಗಾಗಿ ಕಟ್ಟಿದ್ದ ಜಾಗ. ಅಪ್ಪ ಅಮ್ಮ ತಿಂಗಳಿಗೆ ಎರಡು ಸಲ ಮಾತ್ರ ನೋಡಬಹುದಿತ್ತು. ಮಗು ಅಲ್ಲಿ ಮಂಕಾಗಿ, ಕೂತಲ್ಲೇ ಕೂತಿತು. ಒಂದು ವರ್ಷದ ಹೊತ್ತಿಗೆ ತಂದೆ ತಾಯಿ, ಅಲ್ಲಿನ ನಿರ್ದೇಶಕರ ಮಾತನ್ನೂ ಕೇಳದೆ, ಮಗನನ್ನು ಮನೆಗೆ ಕರೆತಂದರು. ಆಮೇಲೆ ತಂದೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ಕ್ಯಾನರ್ ಅವರಿಗೆ ಮೂವತ್ಮೂರು ಪುಟಗಳ ಒಂದು ಪತ್ರ ಬರೆಸಿ ಕಳಿಸಿದರು. ಆಟಿಸಂನ ಇತಿಹಾಸ ಶುರುವಾಗುವುದು ಒಬ್ಬ ವಕೀಲನ ಈ ಕರಾರುವಾಕ್ಕಾದ ಪತ್ರದಿಂದ ಎನ್ನಬಹುದು. ಎಷ್ಟೋ ಲಕ್ಷಣಗಳನ್ನು ವೈದ್ಯರು ಗುರುತಿಸುವ ಮೊದಲೇ ತಂದೆ ಬರೆದಿಟ್ಟಿದ್ದರು.

ಕ್ಯಾನರ್ ಔಷಧಿ ಕೊಡಲಿಲ್ಲ, ಕೊಡಲು ಏನೂ ಇರಲಿಲ್ಲ. ಹುಡುಗನಿಗೆ ಒಂಬತ್ತು ವರ್ಷವಾದಾಗ ಫಾರೆಸ್ಟ್ ಸಮೀಪದ ಒಂದು ಹೊಲದ ಮನೆಯಲ್ಲಿ ಬಿಡುವ ಏರ್ಪಾಡಾಯಿತು. ಲೂಯಿಸ್ ಎಂಬ ಮಕ್ಕಳಿಲ್ಲದ ರೈತ ದಂಪತಿ. ಇಬ್ಬರಿಗೂ ಮನಶ್ಶಾಸ್ತ್ರದ ಗಂಧವಿರಲಿಲ್ಲ. ಹುಡುಗನಿಗೆ ಅಳೆಯುವ ಹುಚ್ಚು ಎಂದು ಕಂಡಾಗ ಅವರು ಬಾವಿ ತೋಡಿಸಿ, ಎಷ್ಟು ಆಳವಾಯಿತು ಹೇಳು ಎಂದರು. ಸತ್ತ ಹಕ್ಕಿ, ಹುಳ ಹುಪ್ಪಟೆಗಳನ್ನು ಕೂಡಿಡತೊಡಗಿದಾಗ ಬೈಯಲಿಲ್ಲ. ಒಂದು ಮೂಲೆಯಲ್ಲಿ ಸ್ಮಶಾನಕ್ಕೆ ಜಾಗ ಕೊಟ್ಟರು. ಅವನು ಪ್ರತಿ ಗೋರಿಗೂ ಫಲಕ ನೆಟ್ಟ. ಸತ್ತ ಜೀವಿಗೆ ತಾನೇ ಇಟ್ಟ ಒಂದು ಹೆಸರು, ನಡುವೆ ಅದರ ಜಾತಿ, ಕೊನೆಗೆ ರೈತನ ಮನೆತನದ ಹೆಸರು. ಬಸವನ ಹುಳುವೂ ಲೂಯಿಸ್ ಮನೆತನಕ್ಕೆ ಸೇರಿತು. ಜೋಳದ ಸಾಲುಗಳನ್ನು ಎಣಿಸುವ ಗೀಳು ಹತ್ತಿದಾಗ, ಉಳುತ್ತಾ ಎಣಿಸು ಎಂದು ನೇಗಿಲು ಕೊಟ್ಟರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋದಾಗ ಹುಡುಗ ಅವರ ಕಣ್ಣೆದುರೇ ಉದ್ದುದ್ದದ ಆರು ಸಾಲು ಉತ್ತು ತೋರಿಸಿದ. ಕುದುರೆಯನ್ನು ತಿರುಗಿಸಿದ ರೀತಿ ನೋಡಿ ಕ್ಯಾನರ್ ಬೆರಗಾದರು. ಹಳ್ಳಿಯ ಶಾಲೆಯೂ ಅವನ ವಿಚಿತ್ರಗಳನ್ನು ಸಹಿಸಿಕೊಂಡು ಪಾಠ ಹೇಳಿಕೊಟ್ಟಿತು.

ಗಮನಿಸಬೇಕಾದ್ದು ಇದು. ಲೂಯಿಸ್ ದಂಪತಿ ಹುಡುಗನ ಶಕ್ತಿಯನ್ನು ಯಾರಿಗೂ ಪ್ರದರ್ಶಿಸಲಿಲ್ಲ. ಅದಕ್ಕೊಂದು ಕೆಲಸ ಕೊಟ್ಟರು, ಅಷ್ಟೆ.

ಮುಂದೆ 1971ರಲ್ಲಿ ಕ್ಯಾನರ್ ಆ ಹನ್ನೊಂದು ಮಕ್ಕಳು ಏನಾದರು ಎಂದು ಹುಡುಕಿ ಇನ್ನೊಂದು ಪ್ರಬಂಧ ಬರೆದರು. ಡೊನಾಲ್ಡ್ ಅಷ್ಟರಲ್ಲಿ ಮಿಲ್ಸಾಪ್ಸ್ ಕಾಲೇಜಿನಲ್ಲಿ ಫ್ರೆಂಚ್ ಓದಿ ಪದವಿ ಪಡೆದು, ಊರಿನ ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರಿನ ಕೆಲಸ ಮಾಡಿಕೊಂಡು, ಗಾಲ್ಫ್ ಆಡಿಕೊಂಡಿದ್ದರು. ಇನ್ನೊಬ್ಬ ಹುಡುಗನೂ ಕೆಲಸದಲ್ಲಿದ್ದ. ಸರ್ಕಾರಿ ಮಾನಸಿಕ ಆಸ್ಪತ್ರೆಗಳಿಗೆ ಸೇರಿದವರ ಕಥೆ ಬೇರೆ. ಅಲ್ಲಿಗೆ ಸೇರುವುದೆಂದರೆ ಜೀವಾವಧಿ ಶಿಕ್ಷೆಯಂತಾಯಿತು ಎಂದು ಕ್ಯಾನರ್ ಬರೆದರು. ಬಾಲ್ಯದಲ್ಲಿ ಎಲ್ಲರನ್ನೂ ಬೆರಗಾಗಿಸಿದ್ದ ಅವರ ನೆನಪಿನ ಶಕ್ತಿಯೂ ಅಲ್ಲಿ ಆವಿಯಾಗಿ ಹೋಗಿತ್ತು. ಪ್ರತಿಭೆ ಹುಟ್ಟಿನಿಂದ ಬರಬಹುದು, ಉಳಿಯುವುದಕ್ಕೆ ಮಾತ್ರ ಒಂದು ಹೊಲವೋ ಬ್ಯಾಂಕೋ ಬೇಕು. ಡೊನಾಲ್ಡ್‌ಗೆ ಬ್ಯಾಂಕಿನ ಬಾಗಿಲು ತೆರೆದದ್ದು ಅದು ತಾಯಿಯ ಮನೆಯವರದಾಗಿದ್ದರಿಂದ ಎಂಬುದನ್ನೂ ಮರೆಯುವಂತಿಲ್ಲ.

ಪತ್ರಿಕೆಗಳಿಗೆ ಈ ಹೊಲದ ಕಥೆ ಬೇಕಿರಲಿಲ್ಲ. ಅವುಗಳಿಗೆ ಮೊದಲು ಸಿಕ್ಕಿದ್ದು ಅಪರಾಧಿ. 1948ರ ಏಪ್ರಿಲ್‌ನಲ್ಲಿ 'ಟೈಮ್' ವಾರಪತ್ರಿಕೆ ಕ್ಯಾನರ್ ಅವರ ಮಕ್ಕಳ ಬಗ್ಗೆ ಬರೆದಾಗ ಅವರನ್ನು ಹಿಮಗಟ್ಟಿದ ಮಕ್ಕಳೆಂದು ಕರೆಯಿತು. ಬಿಸಿಯಿಲ್ಲದ ತಂದೆ ತಾಯಿ ಮಕ್ಕಳನ್ನು ಫ್ರಿಜ್ಜಿನಲ್ಲಿಟ್ಟಂತೆ ಬೆಳೆಸಿದ್ದಾರೆ ಎಂಬ ಹೋಲಿಕೆ ಕ್ಯಾನರ್ ಅವರದೇ. 1943ರ ಪ್ರಬಂಧದಲ್ಲಿ ಇದು ಹುಟ್ಟಿನಿಂದಲೇ ಬಂದದ್ದು ಎಂದು ಬರೆದಿದ್ದ ವೈದ್ಯರೇ ಆ ಕಾಲದ ಗಾಳಿಗೆ ವಾಲಿದ್ದರು. ಫ್ರಿಜ್ಜು ಆಗ ಅಮೆರಿಕದ ಅಡುಗೆಮನೆಗಳ ಹೆಮ್ಮೆ. ಹೋಲಿಕೆ ಜನರ ಮನಸ್ಸಿನಲ್ಲಿ ಚೆನ್ನಾಗಿ ಅಂಟಿಕೊಂಡಿತು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಇಡೀ ಪುಸ್ತಕವನ್ನೇ ಬರೆದು, ಟೀವಿಯಲ್ಲಿ ಕೂತು ಈ ವಾದವನ್ನು ಮನೆಮಾತಾಗಿಸಿದರು. ಸಾವಿರಾರು ತಾಯಂದಿರು ತಮ್ಮ ಮಗುವಿನ ಮೌನಕ್ಕೆ ತಾವೇ ಕಾರಣ ಎಂದು ನಂಬಿ ದಶಕಗಳನ್ನು ಕಳೆದರು. 1965ರಲ್ಲಿ 'ಲೈಫ್' ಪತ್ರಿಕೆ, ಕಪಾಳಕ್ಕೆ ಹೊಡೆದು, ವಿದ್ಯುತ್ ಆಘಾತ ಕೊಟ್ಟು ಮಕ್ಕಳನ್ನು ತಿದ್ದುವ ಕ್ಯಾಲಿಫೋರ್ನಿಯಾದ ಪ್ರಯೋಗವೊಂದನ್ನು ಚಿತ್ರಸಮೇತ ಪ್ರಕಟಿಸಿತು. 1969ರ ಸಿನಿಮಾವೊಂದರಲ್ಲಿ ಡಾಕ್ಟರಾದ ಎಲ್ವಿಸ್ ಪ್ರೀಸ್ಲಿ ಆಟಿಸಂ ಇರುವ ಪುಟ್ಟ ಹುಡುಗಿಯನ್ನು ಬಿಗಿಯಾಗಿ ಅಪ್ಪಿ ಹಿಡಿದು ಮಾತನಾಡುವಂತೆ ಮಾಡುತ್ತಾನೆ! ಅಂತೂ ಆ ಇಪ್ಪತ್ತು ವರ್ಷ ಆಟಿಸಂ ಎಂದರೆ ಪರದೆಯ ಮೇಲೆ ಮುಚ್ಚಿದ ಬಾಗಿಲು, ಅದರಾಚೆ ಸಿಕ್ಕಿಬಿದ್ದ ಮಗು, ಬಾಗಿಲು ಒಡೆಯುವ ವೀರ.

ಇದನ್ನು ತಡೆದವರಲ್ಲಿ ಮುಖ್ಯರು ಬರ್ನಾರ್ಡ್ ರಿಮ್ಲ್ಯಾಂಡ್. ಅಮೆರಿಕದ ನೌಕಾಪಡೆಯ ಮನಶ್ಶಾಸ್ತ್ರಜ್ಞರು, ಆಟಿಸಂ ಇದ್ದ ಮಗನ ತಂದೆ. 1964ರ ಅವರ ಪುಸ್ತಕ, ತಾಯಿಯ ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ, ಇದು ಮಿದುಳಿನ ವಿಷಯ ಎಂದು ವಾದಿಸಿತು. ಮರುವರ್ಷ ಅವರೂ ರೂತ್ ಸಲಿವನ್ ಮೊದಲಾದ ತಾಯ್ತಂದೆಯರೂ ಸೇರಿ ಒಂದು ರಾಷ್ಟ್ರೀಯ ಸಂಘ ಕಟ್ಟಿದರು. 1969ರಲ್ಲಿ ಅದರ ಸಭೆಗೆ ಬಂದ ಕ್ಯಾನರ್ ಎಲ್ಲರೆದುರು ತಂದೆ ತಾಯಿಯರನ್ನು ದೋಷಮುಕ್ತರೆಂದು ಸಾರಿದರು. ಆದರೆ ಈ ಹೊತ್ತಿಗೆ ಅಪರಾಧಿಯಿಲ್ಲದ ಕಥೆಗೆ ಹೊಸ ನಾಯಕ ಬೇಕಾಗಿತ್ತು. ಅದಕ್ಕೂ ಒಂದು ಮಟ್ಟಿಗೆ ಕಾರಣ ರಿಮ್ಲ್ಯಾಂಡರೇ. 1978ರಲ್ಲಿ ಅವರು 5,400 ಮಕ್ಕಳ ತಾಯ್ತಂದೆಯರು ತುಂಬಿ ಕಳಿಸಿದ್ದ ಪ್ರಶ್ನಾವಳಿಗಳನ್ನು ನೋಡಿ, 531 ಮಕ್ಕಳಲ್ಲಿ ಅಸಾಧಾರಣ ಸಾಮರ್ಥ್ಯಗಳಿವೆ ಎಂದು ತಂದೆ ತಾಯಿ ಹೇಳಿದ್ದನ್ನು ವರದಿ ಮಾಡಿದರು. ಸಂಗೀತ, ಚಿತ್ರ, ಗಣಿತ, ಯಾವ ತಾರೀಕು ಯಾವ ವಾರ ಎಂದು ಹೇಳುವ ಚಳಕ. ಹತ್ತರಲ್ಲಿ ಒಬ್ಬರು ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ನಂತರದ ಅಧ್ಯಯನಗಳು ಇದಕ್ಕಿಂತ ಹೆಚ್ಚು ಎಂದೂ ಹೇಳಿವೆ. ಹೆಚ್ಚೇ ಇರಲಿ, ಉಳಿದವರೇ ಬಹುಸಂಖ್ಯಾತರು.

ಹೊಸ ನಾಯಕ ಬಂದದ್ದು 1988ರ ಡಿಸೆಂಬರಿನಲ್ಲಿ. 'ರೇನ್ ಮ್ಯಾನ್' ಸಿನಿಮಾ ಆ ವರ್ಷದ ಅತ್ಯುತ್ತಮ ಚಿತ್ರ, ನಟ, ನಿರ್ದೇಶಕ, ಚಿತ್ರಕಥೆಯ ಆಸ್ಕರ್‌ಗಳನ್ನು ಬಾಚಿಕೊಂಡಿತು. ಅದರ ಹುಟ್ಟಿನ ಕಥೆ ಸಿನಿಮಾದಷ್ಟೇ ಸೋಜಿಗದ್ದು. ಚಿತ್ರಕಥೆಗಾರ ಬ್ಯಾರಿ ಮಾರೋ 1984ರಲ್ಲಿ ಟೆಕ್ಸಾಸಿನ ಒಂದು ಸಮಾವೇಶದಲ್ಲಿ ಕಿಮ್ ಪೀಕ್ ಎಂಬುವರನ್ನು ಕಂಡರು. 1951ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಹುಟ್ಟಿದ ಕಿಮ್, ಸಾವಿರಾರು ಪುಸ್ತಕಗಳನ್ನು ಓದಿ ನೆನಪಿಟ್ಟುಕೊಂಡಿದ್ದವರು. ಪಿನ್‌ಕೋಡು, ರಸ್ತೆ, ಇತಿಹಾಸ, ಯಾವುದನ್ನು ಕೇಳಿದರೂ ಉತ್ತರ. ಅಂಗಿಯ ಗುಂಡಿ ಹಾಕಿಕೊಳ್ಳಲು ಮಾತ್ರ ತಂದೆ ಬೇಕು. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ವೈದ್ಯರು, ಇವನನ್ನು ಎಲ್ಲಾದರೂ ಸೇರಿಸಿ ಮರೆತುಬಿಡಿ ಎಂದಿದ್ದರು. ಮನೆಯವರು ಕೇಳಿರಲಿಲ್ಲ.

ಮಾರೋ ಬರೆದ ಮೊದಲ ಕರಡಿನಲ್ಲಿ ರೇಮಂಡ್ ಎಂಬ ಪಾತ್ರಕ್ಕೆ ಆಟಿಸಂ ಇರಲಿಲ್ಲ, ಬುದ್ಧಿಮಾಂದ್ಯವಿತ್ತು. ಚಿತ್ರ ತಯಾರಾಗುವ ಹಂತದಲ್ಲಿ ಅದು ಆಟಿಸಂ ಆಯಿತು. ಡಸ್ಟಿನ್ ಹಾಫ್‌ಮನ್ ಪಾತ್ರಕ್ಕಾಗಿ ಆಟಿಸಂ ಇದ್ದ ತರುಣರ ಜೊತೆ ಕಾಲ ಕಳೆದರು. ಅವರಲ್ಲಿ ರೂತ್ ಸಲಿವನ್‌ರ ಮಗ ಜೋಸೆಫ್ ಒಬ್ಬರು. ಸಲಹೆಗಾರರಲ್ಲಿ ರಿಮ್ಲ್ಯಾಂಡ್ ಇದ್ದರು. ಹೀಗೆ ಕಿಮ್ ಪೀಕ್‌ರ ನೆನಪಿನ ಮೇಲೆ ಬೇರೆಯವರ ನಡೆನುಡಿ ಹೊದಿಸಿ ರೇಮಂಡ್ ಸಿದ್ಧನಾದ. ಕಿಮ್ ಪೀಕ್‌ರಿಗೆ ಆಟಿಸಂ ಇರಲೇ ಇಲ್ಲ. ಮಿದುಳಿನ ಎರಡು ಅರ್ಧಗಳನ್ನು ಬೆಸೆಯುವ ನರತಂತುಗಳ ಕಟ್ಟು ಅವರಿಗೆ ಹುಟ್ಟಿನಿಂದಲೇ ಇರಲಿಲ್ಲ. ಅವರದು ಎಫ್‌ಜಿ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಸ್ಥಿತಿ ಇರಬಹುದೆಂದು 2008ರಲ್ಲಿ ತಜ್ಞರು ಹೇಳಿದರು. ಜಗತ್ತಿನ ಕೋಟ್ಯಂತರ ಜನ ಆಟಿಸಂ ಎಂದರೆ ಹೀಗೆ ಎಂದು ಕಲಿತದ್ದು, ಆಟಿಸಂ ಇಲ್ಲದ ಮನುಷ್ಯನೊಬ್ಬನ ನೆನಪಿನ ಶಕ್ತಿಯಿಂದ.

ಸಿನಿಮಾವನ್ನು ಹೀಯಾಳಿಸುವುದು ಸುಲಭ, ನ್ಯಾಯವಲ್ಲ. ಹೊಗೆಯ ಅಲಾರಂ ಕೂಗಿದಾಗ ರೇಮಂಡ್ ತಲೆ ಚಚ್ಚಿಕೊಳ್ಳುವ ದೃಶ್ಯದಲ್ಲಿ ಶಬ್ದ ಹೇಗೆ ನೋವಾಗಬಲ್ಲದು ಎಂಬುದನ್ನು ಲಕ್ಷಾಂತರ ಜನ ಮೊದಲ ಸಲ ಕಂಡರು. ಕೊನೆಯಲ್ಲಿ ಅಪ್ಪುಗೆಯಿಂದ ಗುಣವಾಗುವ ಎಲ್ವಿಸ್ ಮಾಯೆ ಇಲ್ಲ. ರೇಮಂಡ್ ರೇಮಂಡ್ ಆಗಿಯೇ ರೈಲು ಹತ್ತುತ್ತಾನೆ. ಆಟಿಸಂ ಎಂಬ ಪದವನ್ನು ಪ್ರತಿ ಮನೆಯಲ್ಲೂ ಬಿಡಿಸಿ ಹೇಳಬೇಕಾಗಿದ್ದ ತಾಯಂದಿರಿಗೆ ಆ ಶ್ರಮ ತಪ್ಪಿತು. ಕಿಮ್ ಪೀಕ್ ಅವರಂತೂ ಮಾರೋ ತಮಗೇ ಕೊಟ್ಟುಬಿಟ್ಟ ಆಸ್ಕರ್ ಪ್ರತಿಮೆಯನ್ನು ಹಿಡಿದುಕೊಂಡು, ತಂದೆಯ ಜೊತೆ ಊರೂರು ಸುತ್ತಿ ಲಕ್ಷಾಂತರ ಜನರೊಡನೆ ಮಾತನಾಡಿದರು. ಅಲ್ಲಿಯವರೆಗೆ ಎದುರಿಗಿದ್ದವರ ಮುಖ ನೋಡಲೂ ಹಿಂಜರಿಯುತ್ತಿದ್ದ ಮನುಷ್ಯ 2009ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸಭೆಗಳಲ್ಲಿ ನಗೆಚಟಾಕಿ ಹಾರಿಸುತ್ತಿದ್ದರು.

ತೊಂದರೆ ಇರುವುದು ಕಥೆಯ ಬೆನ್ನೆಲುಬಿನಲ್ಲಿ. ತಮ್ಮ ಚಾರ್ಲಿಗೆ ಅಣ್ಣ ಮೊದಲಿಗೆ ಒಂದು ಹೊರೆ, ಆಸ್ತಿಗಾಗಿ ಎಳೆದು ತಂದ ಒತ್ತೆಯಾಳು. ಅಣ್ಣ ನೆಲಕ್ಕೆ ಬಿದ್ದ ಹಲ್ಲುಕಡ್ಡಿಗಳನ್ನು ಒಂದೇ ನೋಟದಲ್ಲಿ 246 ಎಂದು ಎಣಿಸುತ್ತಾನೆ, ಲಾಸ್ ವೇಗಸ್‌ನಲ್ಲಿ ಇಸ್ಪೀಟಿನ ಎಲೆಗಳನ್ನು ನೆನಪಿಟ್ಟು ತಮ್ಮನ ಸಾಲ ತೀರಿಸುತ್ತಾನೆ. ಇಬ್ಬರೂ ಒಂದೇ ಬಗೆಯ ಸೂಟು ತೊಡುವುದು ಅಲ್ಲಿಂದ. ಅಣ್ಣನ ಬೆಲೆ ತಿಳಿಯುವುದು ಜೂಜುಕಟ್ಟೆಯಲ್ಲಿ! ಇದಾದ ಮೇಲೆ ಆಟಿಸಂ ಇರುವ ಮಗುವಿನ ತಾಯಿಯನ್ನು ನೆಂಟರಿಷ್ಟರು ಕೇಳತೊಡಗಿದ ಮೊದಲ ಪ್ರಶ್ನೆ, ನಿಮ್ಮ ಮಗುವಿನ ವಿಶೇಷ ಏನು ಎಂದು. ಅದು ಕುತೂಹಲದ ಪ್ರಶ್ನೆ, ಸೌಜನ್ಯದ್ದೂ ಹೌದು. ರಾತ್ರಿಯೆಲ್ಲ ನಿದ್ದೆಗೆಟ್ಟು, ಹಲ್ಲುಜ್ಜಿಸುವುದನ್ನೇ ಮೂರು ವರ್ಷದಿಂದ ಕಲಿಸುತ್ತಿರುವ ತಾಯಿ ಅದಕ್ಕೆ ಏನು ಹೇಳಬೇಕು?

ಹಲ್ಲುಕಡ್ಡಿಯ ದೃಶ್ಯವನ್ನು ಹೋಲುವ ಇನ್ನೊಂದು ಕಥೆ ಅದಕ್ಕೂ ಮೊದಲೇ ಅಚ್ಚಾಗಿತ್ತು. ನರವೈದ್ಯ ಆಲಿವರ್ ಸ್ಯಾಕ್ಸ್ 1985ರ ತಮ್ಮ ಪುಸ್ತಕದಲ್ಲಿ ಅವಳಿ ಸೋದರರಿಬ್ಬರ ಬಗ್ಗೆ ಬರೆದಿದ್ದರು. ಬೆಂಕಿಪೆಟ್ಟಿಗೆ ಜಾರಿ ಕಡ್ಡಿಗಳು ಚೆಲ್ಲಿದಾಗ ಇಬ್ಬರೂ ಒಟ್ಟಿಗೆ 111 ಎಂದರಂತೆ. ಆರಂಕಿಯ ಅವಿಭಾಜ್ಯ ಸಂಖ್ಯೆಗಳನ್ನು ಮಿಠಾಯಿ ಹಂಚಿಕೊಂಡಂತೆ ಪರಸ್ಪರ ಹೇಳಿ ನಗುತ್ತಿದ್ದರಂತೆ. ಅಷ್ಟು ನಿಖರವಾಗಿ ಇದು ಸಾಧ್ಯವೇ ಎಂದು ಆಮೇಲೆ ಸಂಶೋಧಕರು ಅನುಮಾನಪಟ್ಟದ್ದುಂಟು. ಆದರೆ ಎಲ್ಲರೂ ನೆನಪಿಡುವುದು ಆ ಬೆಂಕಿಕಡ್ಡಿಗಳನ್ನು. ಅದೇ ಬರಹದ ಕೊನೆಯ ಭಾಗ ಯಾರಿಗೂ ನೆನಪಿಲ್ಲ. ಇಬ್ಬರೂ ತಮ್ಮಷ್ಟಕ್ಕೆ ಮಾತಾಡಿಕೊಂಡಿರುವುದು ಒಳ್ಳೆಯದಲ್ಲ, ಸಮಾಜದಲ್ಲಿ ಬೆರೆಯಲಿ ಎಂದು 1977ರಲ್ಲಿ ಅವರನ್ನು ಬೇರ್ಪಡಿಸಿದರು. ಬಸ್ಸು ಹತ್ತಲು, ಸಣ್ಣಪುಟ್ಟ ಕೆಲಸ ಮಾಡಲು ಕಲಿತರು. ಸಂಖ್ಯೆಗಳು ಹೋದವು, ಅದರೊಡನೆ ಬದುಕಿನಲ್ಲಿದ್ದ ಖುಷಿಯೂ ಹೋಯಿತು ಎಂದು ಸ್ಯಾಕ್ಸ್ ವಿಷಾದದಿಂದ ಬರೆದರು. ಕ್ಯಾನರ್ ಆಸ್ಪತ್ರೆಗಳಲ್ಲಿ ಕಂಡದ್ದನ್ನೇ ಸ್ಯಾಕ್ಸ್ ಇನ್ನೊಂದು ರೀತಿಯಲ್ಲಿ ಕಂಡಿದ್ದರು.

ರೇಮಂಡನ ನೆರಳು ನಮ್ಮ ಪರದೆಗಳಿಗೆ ಬರಲು ಎರಡು ದಶಕ ಹಿಡಿಯಿತು. 2010ರ 'ಮೈ ನೇಮ್ ಈಸ್ ಖಾನ್'ನಲ್ಲಿ ಶಾರುಖ್ ಖಾನ್ ಅವರ ರಿಜ್ವಾನ್ ಕೆಟ್ಟ ಯಂತ್ರವನ್ನೆಲ್ಲ ರಿಪೇರಿ ಮಾಡುತ್ತಾನೆ, ಅಮೆರಿಕದ ಅಧ್ಯಕ್ಷರವರೆಗೆ ನಡೆಯುತ್ತಾನೆ. 2013ರ ತಮಿಳು ಚಿತ್ರ 'ಹರಿದಾಸ್'ನಲ್ಲಿ ನಮ್ಮ ಕಿಶೋರ್ ಪೊಲೀಸ್ ತಂದೆ. ಮಗನನ್ನು ಹೊತ್ತುಕೊಂಡು ಶಾಲೆಯಿಂದ ಶಾಲೆಗೆ ಅಲೆಯುವ ಆ ತಂದೆಯ ದಣಿವನ್ನು ಚಿತ್ರ ನಿಜಕ್ಕೂ ಹತ್ತಿರದಿಂದ ನೋಡುತ್ತದೆ. ಆದರೂ ಕೊನೆಗೆ ಹುಡುಗ ಓಟದಲ್ಲಿ ಮಿಂಚಲೇಬೇಕು. ಅವನು ಓಡದೆ ಸುಮ್ಮನೆ ಮಗನಾಗಿದ್ದರೆ ಚಿತ್ರ ಮುಗಿಯುವುದಾದರೂ ಹೇಗೆ ಎಂದು ನಿರ್ದೇಶಕರಿಗೆ ಅನ್ನಿಸಿರಬೇಕು. 2012ರ 'ಬರ್ಫಿ!'ಯ ಝಿಲ್‌ಮಿಲ್‌ಗೆ ಅಂಥ ಯಾವ ಪವಾಡಶಕ್ತಿಯೂ ಇಲ್ಲ, ಅವಳಿಗೆ ಪ್ರೀತಿ ಸಿಗುತ್ತದೆ. ಚಿತ್ರ ಅವಳನ್ನು ತುಸು ಬೊಂಬೆಯಾಗಿಸುತ್ತದೆ ನಿಜ. ಅಷ್ಟಾದರೂ ಈ ಸಾಲಿನಲ್ಲಿ ಅದು ಬೇರೆಯಾಗಿ ನಿಲ್ಲುತ್ತದೆ.

ಸಿನಿಮಾದಾಚೆಗೆ ಪತ್ರಿಕೆಗಳಿಗೂ ಪವಾಡ ಬೇಕಿತ್ತು. ಬಾಲ್ಯದ ಕೆಲ ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ ಟಿಟೊ ರಾಜರ್ಷಿ ಮುಖ್ಯೋಪಾಧ್ಯಾಯ ಹೆಚ್ಚುಕಡಿಮೆ ಮಾತೇ ಬಾರದ ಹುಡುಗ. ತಾಯಿ ಸೋಮಾ ಅವನಿಗೆ ಅಕ್ಷರ ಕಲಿಸಿದರು, ಅವನು ಗದ್ಯ ಪದ್ಯ ಬರೆದ. ಅವನ ಪುಸ್ತಕ 2000ದಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು, ಬಿಬಿಸಿ ಸಾಕ್ಷ್ಯಚಿತ್ರ ಮಾಡಿತು, ತಾಯಿ ಮಗ ಅಮೆರಿಕಕ್ಕೆ ಹೋದರು. ಅಲ್ಲಿ ಸೋಮಾ ಅವರ ಕಲಿಸುವ ವಿಧಾನವೇ ಒಂದು ಪದ್ಧತಿಯಾಗಿ ಹರಡಿತು. ಬೇರೆ ಮಕ್ಕಳ ವಿಷಯದಲ್ಲಿ, ಫಲಕ ಹಿಡಿದವರ ಸನ್ನೆಗಳಿಂದ ಪದಗಳು ಬರುತ್ತಿಲ್ಲ ಎನ್ನುವುದಕ್ಕೆ ಪುರಾವೆಯಿಲ್ಲ ಎಂದು ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಆ ಪದ್ಧತಿಯನ್ನು ಬಳಸಬೇಡಿ ಎಂದಿತು. ಮೊದಲ ಸುದ್ದಿಗೆ ಸಿಕ್ಕ ಜಾಗದ ಹತ್ತರಲ್ಲೊಂದು ಪಾಲೂ ಈ ಎಚ್ಚರಿಕೆಗೆ ಸಿಗಲಿಲ್ಲ. ಒಬ್ಬ ಟಿಟೊನ ನಿಜವಾದ ಬರವಣಿಗೆಗೂ, ಎಲ್ಲ ಮಕ್ಕಳೊಳಗೂ ಒಬ್ಬ ಕವಿ ಅಡಗಿದ್ದಾನೆ ಎಂಬ ಭರವಸೆಗೂ ನಡುವಿನ ಅಂತರ ಸುದ್ದಿಯಾಗುವಂಥದ್ದಲ್ಲ.

ಇನ್ನು ಪ್ರತಿಭೆಯನ್ನೇ ಬೇಡವೆಂದು ತಳ್ಳಿಹಾಕಿದರೂ ಸುಳ್ಳೇ ಆಗುತ್ತದೆ. ಲಂಡನ್ನಿನಲ್ಲಿ ಅಮಿತಾ ಶಾ ಮತ್ತು ಊಟಾ ಫ್ರಿತ್ 1983ರಲ್ಲಿ ತೋರಿಸಿದಂತೆ, ದೊಡ್ಡ ಚಿತ್ರದಲ್ಲಿ ಅಡಗಿದ ಚಿಕ್ಕ ಆಕೃತಿಯನ್ನು ಹುಡುಕುವುದರಲ್ಲಿ ಆಟಿಸಂ ಇರುವ ಮಕ್ಕಳು ಇತರರಿಗಿಂತ ಮುಂದಿದ್ದರು. 2007ರಲ್ಲಿ ಮಾಂಟ್ರಿಯಲ್‌ನ ತಂಡವೊಂದು ಅದೇ ಮಕ್ಕಳಿಗೆ ಎರಡು ಬಗೆಯ ಬುದ್ಧಿಪರೀಕ್ಷೆ ಕೊಟ್ಟಿತು. ಪ್ರಶ್ನೆ ಕೇಳಿ ಬಾಯಲ್ಲಿ ಉತ್ತರ ಪಡೆಯುವ ಭಾಗಗಳಿರುವ ವೆಕ್ಸ್ಲರ್ ಪರೀಕ್ಷೆಗಿಂತ, ವಿನ್ಯಾಸಗಳ ತರ್ಕ ಹುಡುಕುವ ರೇವನ್ ಪರೀಕ್ಷೆಯಲ್ಲಿ ಅವರು ಸರಾಸರಿ ಮೂವತ್ತು ಪರ್ಸೆಂಟೈಲ್ ಮೇಲಿದ್ದರು. ಮಂದಮತಿ ಎಂದು ಬರೆಸಿಕೊಂಡಿದ್ದ ಮಗು ಇನ್ನೊಂದು ಕಾಗದದಲ್ಲಿ ಸಾಮಾನ್ಯ ಮಗುವಾಗಿತ್ತು. ಈ ಅಧ್ಯಯನದ ಮೊದಲ ಲೇಖಕಿ ಮಿಶೆಲ್ ಡಾಸನ್ ಸ್ವತಃ ಆಟಿಸಂ ಇರುವವರು. ಇಲ್ಲಿ ಹಲ್ಲುಕಡ್ಡಿಯಿಲ್ಲ, ಜೂಜಿಲ್ಲ. ಅಳತೆಗೋಲನ್ನು ಬದಲಿಸಿ ನೋಡಿದರು, ಅಷ್ಟೆ. ಇಂಥದ್ದನ್ನು ಸಿನಿಮಾ ಮಾಡುವುದು ಕಷ್ಟ.

ಉದ್ಯಮಗಳೂ ಇದನ್ನು ಗಮನಿಸಿದವು. ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 2013ರಲ್ಲಿ ಆಟಿಸಂ ಇರುವ ನೂರಾರು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಘೋಷಿಸಿ ಜಗತ್ತಿನ ಸುದ್ದಿಯಾಯಿತು. ಅದರ ಮೊದಲ ಪ್ರಯೋಗ ನಡೆದದ್ದು ಬೆಂಗಳೂರಿನಲ್ಲಿ, ಆರು ಜನ ಸಾಫ್ಟ್‌ವೇರ್ ಪರೀಕ್ಷಕರೊಂದಿಗೆ. ತಪ್ಪು ಹುಡುಕುವ ಕಣ್ಣಿಗೆ ಅಲ್ಲಿ ಕೆಲಸ ಸಿಕ್ಕಿತು, ಲೂಯಿಸರ ಹೊಲದ ಸಾಲುಗಳಂತೆಯೇ. ಇದು ಒಳ್ಳೆಯ ಸಂಗತಿ. ಆದರೆ ಇದರ ವರದಿಗಳ ತಲೆಬರಹಗಳೆಲ್ಲ ಇವರ ಕಣ್ಣು ಎಷ್ಟು ಚುರುಕು, ಕಂಪನಿಗೆ ಎಷ್ಟು ಲಾಭ ಎಂಬ ದಾಟಿಯಲ್ಲೇ ಇದ್ದವು. ಅದೇ ದಶಕದವರೆಗೆ ಭಾರತದಲ್ಲಿ ಆಟಿಸಂ ಇರುವವರ ಹಕ್ಕಿನ ಸ್ಥಿತಿ ಹೇಗಿತ್ತೆಂದರೆ, 1995ರ ಅಂಗವಿಕಲರ ಕಾಯ್ದೆಯ ಏಳು ಪಟ್ಟಿಗಳಲ್ಲಿ ಆಟಿಸಂ ಇರಲೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಹೆಸರಿಸಿತು. ಪ್ರಮಾಣಪತ್ರ, ಮೀಸಲಾತಿಗಳ ಬಾಗಿಲು ತೆರೆದದ್ದು 2016ರ ಹೊಸ ಕಾಯ್ದೆಯಲ್ಲಿ. ಕಾಯ್ದೆಗೆ ಇಟ್ಟಿಗೆ ಎಣಿಸಿ ತೋರಿಸಬೇಕಾಗಿಲ್ಲ. ಬಹುಶಃ ಅದರ ದೊಡ್ಡ ಗುಣವೇ ಅದು.

ಉಪಯೋಗದಿಂದ ಮನುಷ್ಯನನ್ನು ಅಳೆದರೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ಇತಿಹಾಸ ಒಮ್ಮೆ ತೋರಿಸಿದೆ. ಕ್ಯಾನರ್ ಪ್ರಬಂಧ ಬಂದ ಮರುವರ್ಷ, 1944ರಲ್ಲಿ, ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ನಾಲ್ವರು ಹುಡುಗರ ಬಗ್ಗೆ ಬರೆದರು. ಪುಟ್ಟ ಪ್ರೊಫೆಸರುಗಳಂತೆ ಮಾತನಾಡುವ ಇವರು ಗಣಿತ, ವಿಜ್ಞಾನದಲ್ಲಿ ದೊಡ್ಡ ಹುದ್ದೆಗೇರಬಲ್ಲರು ಎಂದರು. ನಾಜಿ ಆಡಳಿತದ ನಡುವೆ ಮಕ್ಕಳ ಪ್ರತಿಭೆಯನ್ನು ಎತ್ತಿ ಹೇಳಿ ಅವರ ಜೀವ ಉಳಿಸಿದ ವೈದ್ಯ ಎಂದು ಬಹಳ ಕಾಲ ಅವರನ್ನು ಕೊಂಡಾಡಿದರು. 2018ರಲ್ಲಿ ಇತಿಹಾಸಕಾರ ಹೆರ್ವಿಗ್ ಚೆಕ್ ಆಸ್ಪತ್ರೆಯ ಹಳೆಯ ಕಡತಗಳನ್ನು ತೆರೆದು ಇನ್ನೊಂದು ಮುಖ ತೋರಿಸಿದರು. ಸುಧಾರಿಸಲಾರರು ಎಂದು ಕಂಡ ಮಕ್ಕಳನ್ನು ಆಸ್ಪರ್ಗರ್ 'ಆಮ್ ಸ್ಪೀಗೆಲ್‌ಗ್ರುಂಡ್' ಎಂಬ ಆಸ್ಪತ್ರೆಗೆ ಕಳಿಸುವಂತೆ ಬರೆದಿದ್ದರು. ಅಲ್ಲಿ ಸುಮಾರು 800 ಮಕ್ಕಳು ಸತ್ತರು, ಎಷ್ಟೋ ಮಕ್ಕಳನ್ನು ಔಷಧಿ ಕೊಟ್ಟು ಕೊಂದರು. 1941ರಲ್ಲಿ ಅವರು ಕಳಿಸಿದ ಒಂದು ಹೆಣ್ಣುಮಗುವಿಗೆ ಮೂರು ವರ್ಷವೂ ತುಂಬಿರಲಿಲ್ಲ. ಐದು ಆರೋಗ್ಯವಂತ ಮಕ್ಕಳಿರುವ ತಾಯಿಗೆ ಇದು ತಾಳಲಾರದ ಹೊರೆ ಎಂಬ ಅರ್ಥದ ಟಿಪ್ಪಣಿ ಕಡತದಲ್ಲಿದೆ. ಎರಡು ತಿಂಗಳಲ್ಲಿ ಮಗು ಸತ್ತಿತು. ಆ ಮಗುವಿನದು ಆಟಿಸಂ ಅಲ್ಲ, ಮಿದುಳಿನ ಸೋಂಕಿನಿಂದಾದ ಹಾನಿ. ಆದರೆ ಗಣಿತ ಬರುವ ಹುಡುಗನನ್ನು ಉಳಿಸಿದ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದ್ದದ್ದು ಇಂಥ ಮಕ್ಕಳೇ.

ಸೋಜಿಗವೆಂದರೆ ಈ ಕಥೆಯನ್ನು ಬಹಳ ಜನರ ಮನೆಗೆ ತಂದದ್ದು ಒಂದು ಕೊರಿಯನ್ ಧಾರಾವಾಹಿ. 2022ರ 'ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ' ಭಾರತದಲ್ಲೂ ಮನೆಮನೆಯಲ್ಲಿ ಓಡಿತು. ಕಾನೂನು ಪುಸ್ತಕಗಳೆಲ್ಲ ಬಾಯಿಪಾಠವಿರುವ ವಕೀಲೆ ಅದರ ನಾಯಕಿ, ಅಂದರೆ ಮತ್ತೆ ಅದೇ ಪವಾಡಶಕ್ತಿ. ಆದರೆ ಮೂರನೆಯ ಕಂತಿನಲ್ಲಿ ಅವಳು ಮಾತು ಹೆಚ್ಚು ಬಾರದ, ಯಾವ ಪ್ರತಿಭೆಯೂ ಕಾಣದ ತರುಣನೊಬ್ಬನ ಮೊಕದ್ದಮೆ ಹಿಡಿಯುತ್ತಾಳೆ. ಅಲ್ಲಿ ಆಸ್ಪರ್ಗರ್ ಕಥೆ ಬರುತ್ತದೆ. ತನಗೂ ಆ ಹುಡುಗನಿಗೂ ಇರುವುದು ಒಂದೇ ಹೆಸರಿನ ಸ್ಥಿತಿ, ಜನ ಮಾತ್ರ ತಮ್ಮಿಬ್ಬರನ್ನು ಬೇರೆ ಬೇರೆ ತಟ್ಟೆಯಲ್ಲಿಟ್ಟು ತೂಗುತ್ತಾರೆ ಎಂಬುದು ಅವಳಿಗೆ ಗೊತ್ತಿದೆ. ಜನಪ್ರಿಯ ಕಥೆಯೊಂದು ತಾನು ನಿಂತ ಕೊಂಬೆಯನ್ನೇ ಹೀಗೆ ಪರೀಕ್ಷಿಸಿಕೊಳ್ಳುವುದು ಅಪರೂಪ.

ಅತ್ತ ಫಾರೆಸ್ಟ್‌ನಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ಬ್ಯಾಂಕಿನಿಂದ ನಿವೃತ್ತರಾಗಿ, ಅಪ್ಪ ಅಮ್ಮ ಬಿಟ್ಟುಹೋದ ಮನೆಯಲ್ಲಿ ಒಬ್ಬರೇ ಇದ್ದರು. ಕಾರು ಓಡಿಸುತ್ತಿದ್ದರು. ದಿನವೂ ಗಾಲ್ಫ್. ಒಂಟಿಯಾಗಿ ಹತ್ತಾರು ದೇಶ ಸುತ್ತಿ ಬಂದಿದ್ದರು. ಪರಿಚಯದವರಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಅಭ್ಯಾಸವಿತ್ತು, ದಶಕಗಳ ನಂತರ ಎದುರಾದರೂ ಆ ಸಂಖ್ಯೆ ಮರೆಯುತ್ತಿರಲಿಲ್ಲ. ಜಾನ್ ಡಾನ್‌ವನ್ ಮತ್ತು ಕ್ಯಾರೆನ್ ಜುಕರ್ ಎಂಬ ಪತ್ರಕರ್ತರು ಅವರನ್ನು ಹುಡುಕಿಕೊಂಡು ಊರಿಗೆ ಹೋದಾಗ ಒಬ್ಬರಲ್ಲ, ಹಲವರು ಒಂದೇ ಎಚ್ಚರಿಕೆ ಕೊಟ್ಟರು. ಡಾನ್‌ಗೆ ನೋವು ಮಾಡಿದರೆ ನಿಮ್ಮನ್ನು ಹುಡುಕಿಕೊಂಡು ಬರುತ್ತೇವೆ. 2010ರಲ್ಲಿ ಅವರ ಲೇಖನ ಪ್ರಕಟವಾಯಿತು, 2016ರಲ್ಲಿ ಪುಸ್ತಕ. ಡೊನಾಲ್ಡ್ 2023ರ ಜೂನ್‌ನಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಲೆಕ್ಕದ ಶಕ್ತಿ ಸುಳ್ಳಾಗಿರಲಿಲ್ಲ. ಹುಡುಗನಾಗಿದ್ದಾಗ ಊರಿಗೆ ಬಂದ ಜಾದೂಗಾರನೊಬ್ಬ ಎಂಬತ್ತೇಳನ್ನು ಇಪ್ಪತ್ಮೂರರಿಂದ ಗುಣಿಸಿದರೆ ಎಷ್ಟು ಎಂದಾಗ 2001 ಎಂದು ನಿಂತ ನಿಲುವಿನಲ್ಲಿ ಹೇಳಿದ್ದರು. ಪತ್ರಕರ್ತರು ಇಟ್ಟಿಗೆಯ ವಿಷಯವನ್ನೂ ಅವರ ಬಾಯಿಂದಲೇ ಕೇಳಬಯಸಿದರು. ಆ ಹೊತ್ತಿಗೆ ಮನಶ್ಶಾಸ್ತ್ರದಲ್ಲಿ ಒಂದು ಸಿದ್ಧಾಂತ ಬಹಳ ಬೇರೂರಿತ್ತು. ಆಟಿಸಂ ಇರುವವರಿಗೆ ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಲಾಗದು ಎಂಬುದು 1985ರಿಂದ ಪಠ್ಯಪುಸ್ತಕಗಳ ಮಾತು. ಅದರ ಬೆನ್ನಿಗೇ, ಅವರಿಗೆ ಸುಳ್ಳು ಹೇಳಲೂ ಬಾರದು ಎಂಬ ನಂಬಿಕೆ ಬೆಳೆದಿತ್ತು.

ಎಣಿಸಿರಲಿಲ್ಲ ಎಂದರು ಡೊನಾಲ್ಡ್. ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಅವರ ಉತ್ತರ ಸರಳವಾಗಿತ್ತು. ಆ ಹುಡುಗರಿಗೆ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬರಲಿ ಎಂದು.